ಅಪಧಮನಿಗಳ ಸ್ಥಿತಿಸ್ಥಾಪಕತೆಯ ಮೇಲೆ ವ್ಯಾಯಾಮದ ಪ್ರಭಾವ

ಹೃದಯ ಪ್ರತಿ ಬಡಿತದಲ್ಲಿ ಹೊರದೂಡುವ ರಕ್ತದ ಒಂದು ಪಾಲನ್ನು ದೊಡ್ಡ ಅಪಧಮನಿಗಳು ಹಿಗ್ಗಿ ಹಿಡಿದಿಟ್ಟುಕೊಳ್ಳುತ್ತವೆ. ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ ಕುಗ್ಗಿ ಅದನ್ನು ಮುಂದಕ್ಕೆ ತಳ್ಳುತ್ತವೆ. ಈ ಹಿಗ್ಗಿ ಕುಗ್ಗುವ ಗುಣವೇ ಅವುಗಳ ಸ್ಥಿತಿಸ್ಥಾಪಕತೆ. ವಯಸ್ಸಾದಂತೆ ಅದು ಕುಂದಿ ಗೋಡೆ ಪೆಡಸಾಗುತ್ತದೆ. ನಿಯಮಿತ ವ್ಯಾಯಾಮ ಈ ಕುಂದನ್ನು ನಿಧಾನಿಸುತ್ತದೆ, ನಡುವಯಸ್ಸಿನ ಆರೋಗ್ಯವಂತರಲ್ಲಿ ಒಂದಿಷ್ಟು ಹಿಂದಕ್ಕೂ ತಿರುಗಿಸುತ್ತದೆ. ಇಷ್ಟು ಮಾತು ಇಂದು ವಿವಾದಕ್ಕೆ ಹೊರತು. ಯಾವ ವ್ಯಾಯಾಮ, ಎಷ್ಟು, ಯಾರಲ್ಲಿ, ಎಷ್ಟು ಕಾಲ ಎಂದು ಕೇಳುತ್ತ ಹೋದರೆ ಉತ್ತರ ಕವಲೊಡೆಯುತ್ತದೆ.

ಈ ಗುಣದ ಮಹತ್ವವನ್ನು ಮೊದಲು ಕಂಡವರಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಒಬ್ಬ. ಕುದುರೆಯ ಅಪಧಮನಿಗೆ ಗಾಜಿನ ಕೊಳವೆ ಸೇರಿಸಿ ರಕ್ತ ಎಷ್ಟು ಎತ್ತರ ಏರುತ್ತದೆಂದು ಅಳೆದ ಆತ 1733ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಪಧಮನಿಗಳನ್ನು ಆ ಕಾಲದ ಬೆಂಕಿ ಆರಿಸುವ ಪಂಪಿನ ಗಾಳಿಗೂಡಿಗೆ ಹೋಲಿಸಿದ. ಪಂಪನ್ನು ಕೈಯಿಂದ ಒತ್ತಿದಾಗ ನೀರು ಚಿಮ್ಮಿ ಚಿಮ್ಮಿ ಬರಬೇಕು. ಆದರೆ ನಡುವೆ ಇರುವ ಗೂಡಿನ ಗಾಳಿ ಅದುಮಿಕೊಂಡು ಬಿಚ್ಚಿಕೊಳ್ಳುವುದರಿಂದ ಕೊಳವೆಯ ತುದಿಯಲ್ಲಿ ಧಾರೆ ಕಡಿಯುವುದಿಲ್ಲ. ಜರ್ಮನಿಯ ಶರೀರಶಾಸ್ತ್ರಜ್ಞ ಒಟ್ಟೊ ಫ್ರಾಂಕ್ 1899ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟ. ವಿಶ್ರಾಂತಿಯಲ್ಲಿರುವ ಪ್ರೌಢನ ಹೃದಯ ಒಂದು ಬಡಿತಕ್ಕೆ ಹೊರಹಾಕುವುದು ಸುಮಾರು 70 ಮಿಲಿಲೀಟರ್ ರಕ್ತ. ಎಳೆಯ, ಮಿದುವಾದ ಮಹಾಪಧಮನಿ ಅದರ ಅರ್ಧದಷ್ಟನ್ನು ತನ್ನ ಹಿಗ್ಗಿನಲ್ಲಿ ಇರಿಸಿಕೊಳ್ಳಬಲ್ಲದು. ಹೃದಯದ ಸ್ವಂತ ಸ್ನಾಯುವಿಗೆ ರಕ್ತ ಒದಗುವುದು ಹೆಚ್ಚಾಗಿ ಬಿಡುವಿನ ವೇಳೆಯಲ್ಲೇ ಆದ್ದರಿಂದ, ಈ ಕೂಡಿಟ್ಟ ರಕ್ತದ ಮೊದಲ ಫಲಾನುಭವಿ ಹೃದಯವೇ.

ಮಹಾಪಧಮನಿ ಪೆಡಸಾದಾಗ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ಹಿಗ್ಗಲಾರದ ಕೊಳವೆಗೆ ಅಷ್ಟೇ ರಕ್ತ ನುಗ್ಗಿದರೆ ಒತ್ತಡ ಹೆಚ್ಚು ಏರುತ್ತದೆ. ಹಿಗ್ಗದ್ದರಿಂದ ಬಿಡುವಿನಲ್ಲಿ ಮರಳಿ ತಳ್ಳಲು ಏನೂ ಉಳಿದಿರದೆ ಒತ್ತಡ ಹೆಚ್ಚು ಇಳಿಯುತ್ತದೆ. ವಯಸ್ಸಾದವರ ಬಿಪಿಯಲ್ಲಿ ಮೇಲಿನ ಸಂಖ್ಯೆ ಏರಿ ಕೆಳಗಿನದು ಇಳಿದು ಎರಡರ ಅಂತರ ಅಗಲವಾಗುವುದಕ್ಕೆ ಮುಖ್ಯ ಕಾರಣ ಇದೇ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ನಡೆದುಬಂದಿರುವ ಹೃದಯ ಅಧ್ಯಯನದಲ್ಲಿ ಐವತ್ತು ಅರವತ್ತರ ಆಚೆಗೆ ಈ ಬೇರ್ಪಡುವಿಕೆ ಸ್ಪಷ್ಟವಾಗಿ ಕಂಡಿದೆ. ಏರಿದ ಒತ್ತಡಕ್ಕೆ ಎದುರಾಗಿ ದುಡಿಯುವ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗುತ್ತದೆ. ಮೆದುಳು ಮತ್ತು ಮೂತ್ರಪಿಂಡಗಳ ನಾಳಗಳು ರಕ್ತಕ್ಕೆ ಹೆಚ್ಚು ತಡೆ ಒಡ್ಡದಿರುವುದರಿಂದ ನಾಡಿಯ ಪೆಟ್ಟು ತಣಿಯದೆ ಅಲ್ಲಿನ ಸಣ್ಣ ನಾಳಗಳವರೆಗೂ ಹೋಗಿ ತಾಗುತ್ತದೆ.

ಗೋಡೆಯೊಳಗೆ

ಅಪಧಮನಿಯ ಗೋಡೆಗೆ ಮೂರು ಪದರ. ರಕ್ತಕ್ಕೆ ತಾಗಿದ ಒಳಪದರದಲ್ಲಿ ಎಂಡೋಥೀಲಿಯಂ ಎಂಬ ಒಂದೇ ಸಾಲಿನ ಕೋಶಗಳಿವೆ. ನಡುಪದರದಲ್ಲಿ ಎಲಾಸ್ಟಿನ್ ಎಂಬ ಪ್ರೋಟೀನಿನ ಹಾಳೆಗಳು, ಕೊಲಾಜನ್ ಎಳೆಗಳು, ಅನೈಚ್ಛಿಕ ಸ್ನಾಯುಕೋಶಗಳು ಹೆಣೆದುಕೊಂಡಿವೆ. ಹೊರಪದರ ಬಹುಮಟ್ಟಿಗೆ ಕೊಲಾಜನ್ನಿನದು. ಸಾಮಾನ್ಯ ಒತ್ತಡದಲ್ಲಿ ಭಾರ ಹೊರುವುದು ಸುಲಭವಾಗಿ ಹಿಗ್ಗುವ ಎಲಾಸ್ಟಿನ್; ಒತ್ತಡ ಹೆಚ್ಚಿದಾಗ ಅದಕ್ಕಿಂತ ನೂರಾರು ಪಟ್ಟು ಬಿರುಸಾದ ಕೊಲಾಜನ್ ಎಳೆಗಳು ನೆಟ್ಟಗಾಗಿ ಹೊರೆ ಹೊರುತ್ತವೆ. ಆದ್ದರಿಂದ ಒಬ್ಬನದೇ ಅಪಧಮನಿ ಒತ್ತಡ ಕಡಿಮೆಯಿದ್ದಾಗ ಮಿದು, ಏರಿದಾಗ ಪೆಡಸು. ಬಿಪಿ ಇಳಿದದ್ದಷ್ಟನ್ನೇ ಗೋಡೆ ಮಿದುವಾಯಿತೆಂದು ಭ್ರಮಿಸುವ ಅಪಾಯ ಈ ವಿಷಯದ ಎಲ್ಲ ಸಂಶೋಧನೆಗೂ ಇದೆ.

ದೇಹ ಎಲಾಸ್ಟಿನ್ನನ್ನು ನೇಯುವುದು ಗರ್ಭದಲ್ಲಿ ಮತ್ತು ಬಾಲ್ಯದಲ್ಲಿ. ಆಮೇಲೆ ಹೊಸದು ಹುಟ್ಟುವುದು ಇಲ್ಲವೆನ್ನುವಷ್ಟು ಕಡಿಮೆ, ಇದ್ದದ್ದರಲ್ಲೇ ಬಾಳಬೇಕು. ನಿಮಿಷಕ್ಕೆ 70 ಬಡಿತವೆಂದರೆ ದಿನಕ್ಕೆ ಲಕ್ಷ, ವರ್ಷಕ್ಕೆ ಮೂರೂವರೆ ಕೋಟಿಗೂ ಮಿಕ್ಕಿ. ಅರವತ್ತನೇ ವಯಸ್ಸಿಗೆ ಮಹಾಪಧಮನಿ ಇನ್ನೂರು ಕೋಟಿ ಸಲಕ್ಕಿಂತ ಹೆಚ್ಚು ಹಿಗ್ಗಿ ಕುಗ್ಗಿರುತ್ತದೆ. ಈ ಸವೆತಕ್ಕೆ ಎಲಾಸ್ಟಿನ್ ಹಾಳೆಗಳು ಬಿರಿಯುತ್ತವೆ, ಅಲ್ಲಲ್ಲಿ ಸುಣ್ಣ ಸೇರುತ್ತದೆ, ಹೊರೆ ಕೊಲಾಜನ್ನಿನ ಹೆಗಲಿಗೆ ಬೀಳುತ್ತದೆ. ಜೊತೆಗೆ ರಕ್ತದ ಸಕ್ಕರೆ ಈ ಪ್ರೋಟೀನುಗಳಿಗೆ ಅಂಟಿಕೊಂಡು ಎಳೆಗಳ ನಡುವೆ ಅಡ್ಡಕೊಂಡಿಗಳನ್ನು ಹಾಕುತ್ತ ಬರುತ್ತದೆ. ಸಕ್ಕರೆ ಕಾಯಿಲೆಯವರ ಅಪಧಮನಿಗಳು ಬೇಗ ಮುಪ್ಪಾಗುವುದಕ್ಕೆ ಇದೂ ಕಾರಣ.

ಕೈಕಾಲಿನ ಅಪಧಮನಿಗಳಲ್ಲಿ ಎಲಾಸ್ಟಿನ್ ಕಡಿಮೆ, ಸ್ನಾಯು ಹೆಚ್ಚು. ವಯಸ್ಸಿನಿಂದ ಅವು ಅಷ್ಟಾಗಿ ಪೆಡಸಾಗುವುದಿಲ್ಲ. ಕಾಲ ತನ್ನ ಗುರುತು ಬಿಡುವುದು ಮಹಾಪಧಮನಿ ಮತ್ತು ಕತ್ತಿನ ಕೆರಾಟಿಡ್ ಅಪಧಮನಿಗಳ ಮೇಲೆ. ವ್ಯಾಯಾಮದ ಪ್ರಯೋಗಗಳೂ ಹೆಚ್ಚಾಗಿ ಅವನ್ನೇ ಅಳೆಯುತ್ತವೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಗೋಡೆ ಪೆಡಸಾಗುವುದು ಬೇರೆ, ಗೋಡೆಯೊಳಗೆ ಕೊಬ್ಬು ಕಟ್ಟಿಕೊಂಡು ದಾರಿ ಕಿರಿದಾಗುವ ಬ್ಲಾಕೇಜ್ ಬೇರೆ. ಎರಡೂ ಒಬ್ಬರಲ್ಲೇ ಇರಬಹುದು, ಒಂದು ಇನ್ನೊಂದಕ್ಕೆ ದಾರಿ ಮಾಡಿಕೊಡಲೂಬಹುದು. ಆದರೆ ಒಂದನ್ನು ಅಳೆದು ಇನ್ನೊಂದನ್ನು ಹೇಳಲಾಗದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ನಂತರದ ದಿನಗಳಲ್ಲಿ ಬೆಂಗಳೂರು, ಮೈಸೂರಿನ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗೆಂದು ಜನ ಸಾಲುಗಟ್ಟಿದರು, ಜಿಮ್‌ಗೆ ಹೋಗುವುದೇ ಅಪಾಯವೇ ಎಂಬ ಪ್ರಶ್ನೆ ಮನೆಮನೆಯಲ್ಲೂ ಎದ್ದಿತು. ಆ ಪ್ರಶ್ನೆಗೆ ಉತ್ತರ ಹೃದಯದ ರಕ್ತನಾಳಗಳ ತಡೆ, ಹೃದಯದ ಲಯ, ಕುಟುಂಬದ ಹಿನ್ನೆಲೆ ಇವುಗಳಲ್ಲಿ ಹುಡುಕಬೇಕಾದದ್ದು. ಮುಂದೆ ಹೇಳುವ ಭಾರ ಎತ್ತುವ ಪ್ರಯೋಗಗಳಿಗೂ ಅದಕ್ಕೂ ಸಂಬಂಧ ಕಲ್ಪಿಸಬಾರದು.

ಅಳೆಯುವ ಬಗೆ

ಗೋಡೆ ಪೆಡಸಾದಷ್ಟೂ ನಾಡಿಯ ಅಲೆ ಅದರ ಮೇಲೆ ವೇಗವಾಗಿ ಓಡುತ್ತದೆ. ಮಣಿಕಟ್ಟಿನಲ್ಲಿ ಬೆರಳಿಗೆ ತಾಗುವುದು ಹೃದಯದಿಂದ ಆಗತಾನೆ ಬಂದ ರಕ್ತವಲ್ಲ, ರಕ್ತಕ್ಕಿಂತ ಎಷ್ಟೋ ಮುಂದೆ ಓಡಿಬರುವ ಒತ್ತಡದ ಅಲೆ. ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ 1808ರಲ್ಲಿ ಈ ಅಲೆಯ ಬಗ್ಗೆ ಬರೆದಿದ್ದ. ಹಾಲೆಂಡಿನ ಮೋಯೆನ್ಸ್ ಮತ್ತು ಕೋರ್ಟೆವೆಗ್ 1878ರಲ್ಲಿ ಅಲೆಯ ವೇಗಕ್ಕೂ ಗೋಡೆಯ ಬಿರುಸು, ದಪ್ಪ, ನಾಳದ ಅಗಲಗಳಿಗೂ ಇರುವ ಸಂಬಂಧವನ್ನು ಸೂತ್ರವಾಗಿಸಿದರು. 1922ರಲ್ಲಿ ಬ್ರಾಮ್‌ವೆಲ್ ಮತ್ತು ಹಿಲ್ ಅದನ್ನು ಬದುಕಿರುವ ಮನುಷ್ಯರಿಗೆ ಅನ್ವಯಿಸಿದರು.

ಅಲೆಯ ಆಕಾರ ಓದುವುದಕ್ಕೆ ಭಾರತದ ನೆನಪು ತರುವ ಒಂದು ಹೆಸರಿದೆ. ಫ್ರೆಡೆರಿಕ್ ಅಕ್ಬರ್ ಮಹಮದ್ (1849–1884) ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ. ಪಾಟ್ನಾದಿಂದ ಬ್ರಿಟನ್ನಿಗೆ ಹೋಗಿ, 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಊಟದ ಮನೆ ತೆರೆದು, ಮುಂದೆ ಬ್ರೈಟನ್ನಿನಲ್ಲಿ ಚಂಪಿ ಸ್ನಾನದಿಂದ ಹೆಸರು ಮಾಡಿದ ಶೇಖ್ ದೀನ್ ಮಹಮದ್ ಅವನ ಅಜ್ಜ. ಫ್ರಾನ್ಸಿನ ಮರೇ 1860ರ ಸುಮಾರಿಗೆ ರೂಪಿಸಿದ್ದ ನಾಡಿ ಬರೆಯುವ ಯಂತ್ರವನ್ನು ತಿದ್ದಿ ಬಳಸಿದ ಮಹಮದ್, ಮೂತ್ರಪಿಂಡದ ರೋಗ ಇನ್ನೂ ಕಾಣಿಸಿಕೊಳ್ಳದವರಲ್ಲೂ ಏರಿದ ರಕ್ತದೊತ್ತಡದ ಗುರುತು ನಾಡಿಯಲ್ಲಿ ಇರುತ್ತದೆಂದು ತೋರಿಸಿದ. ಮೂವತ್ತೈದರ ವಯಸ್ಸಿನಲ್ಲಿ ಟೈಫಾಯಿಡ್‌ನಿಂದ ತೀರಿಕೊಂಡವನನ್ನು ವೈದ್ಯಲೋಕ ನೂರು ವರ್ಷದ ಮಟ್ಟಿಗೆ ಬಹುತೇಕ ಮರೆತಿತ್ತು.

ಇಂದು ಒಪ್ಪಿತವಾದ ವಿಧಾನ ಸರಳ. ಕತ್ತಿನಲ್ಲೂ ತೊಡೆಸಂದಿನಲ್ಲೂ ನಾಡಿಯನ್ನು ದಾಖಲಿಸಿ, ಅಲೆ ಎರಡೂ ಕಡೆ ತಲುಪುವ ಹೊತ್ತಿನ ಅಂತರದಿಂದ ದೂರವನ್ನು ಭಾಗಿಸುತ್ತಾರೆ. ಆರೋಗ್ಯವಂತ ಯುವಕರಲ್ಲಿ ಈ ವೇಗ ಸೆಕೆಂಡಿಗೆ ಆರು ಮೀಟರಿನ ಆಸುಪಾಸು. ಯುರೋಪಿನ ತಜ್ಞರು 2012ರಲ್ಲಿ ಸೆಕೆಂಡಿಗೆ 10 ಮೀಟರನ್ನು ಎಚ್ಚರಿಕೆಯ ಗೆರೆಯೆಂದು ಒಪ್ಪಿಕೊಂಡರು; ಅದಕ್ಕೆ ಮೊದಲು ದೂರ ಅಳೆಯುವ ಕ್ರಮ ಬೇರೆಯಿದ್ದುದರಿಂದ ಗೆರೆ 12ರಲ್ಲಿತ್ತು. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2010ರಲ್ಲಿ ಲೆಕ್ಕ ಹಾಕಿದಾಗ ವೇಗ ಸೆಕೆಂಡಿಗೆ ಒಂದು ಮೀಟರ್ ಹೆಚ್ಚಿದ್ದರೆ ಹೃದಯ-ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಸುಮಾರು 15% ಹೆಚ್ಚೆಂದು ಕಂಡಿತು. ಜಪಾನಿನಲ್ಲಿ ತೋಳಿಗೂ ಕಣಕಾಲಿಗೂ ಪಟ್ಟಿ ಸುತ್ತಿ ಅಳೆಯುವ ಕ್ರಮ ಹೆಚ್ಚು ಬಳಕೆಯಲ್ಲಿದೆ. ಕಾಲಿನ ಅಪಧಮನಿಗಳೂ ಅದರಲ್ಲಿ ಸೇರಿಕೊಳ್ಳುವುದರಿಂದ ಆ ಸಂಖ್ಯೆಗಳನ್ನು ಮೊದಲಿನವುಗಳ ಪಕ್ಕದಲ್ಲಿಟ್ಟು ಹೋಲಿಸಬಾರದು. ಅಲ್ಟ್ರಾಸೌಂಡಿನಲ್ಲಿ ಕೆರಾಟಿಡ್ ಹಿಗ್ಗುವುದನ್ನು, ಎಂಆರ್‌ಐಯಲ್ಲಿ ಮಹಾಪಧಮನಿ ಹಿಗ್ಗುವುದನ್ನು ನೇರವಾಗಿ ನೋಡುವುದೂ ಉಂಟು.

ನಡಿಗೆ, ಓಟ, ಸೈಕಲ್

ದೀರ್ಘಕಾಲದ ಓಟಗಾರರ ಅಪಧಮನಿಗಳು ಅವರ ವಯಸ್ಸಿಗಿಂತ ಎಳೆಯವೆಂಬ ಮಾತಿಗೆ ಬಲವಾದ ಆಧಾರ ಸಿಕ್ಕಿದ್ದು 1993ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಡೆಯುತ್ತಿದ್ದ ಮುಪ್ಪಿನ ಅಧ್ಯಯನದಿಂದ. 54ರಿಂದ 75 ವಯಸ್ಸಿನ ಓಟಗಾರರಲ್ಲಿ ನಾಡಿ ಅಲೆಯ ವೇಗ ಅದೇ ವಯಸ್ಸಿನ, ವ್ಯಾಯಾಮವಿಲ್ಲದ ಆರೋಗ್ಯವಂತರಿಗಿಂತ 26% ಕಡಿಮೆಯಿತ್ತು. ಓಟಗಾರರ ಗುಂಪು ಮಾತ್ರ ಚಿಕ್ಕದು, ಹದಿನಾಲ್ಕು ಮಂದಿಯದು. 1998ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಹಿರೋಫುಮಿ ತನಾಕ, ಡಗ್ಲಸ್ ಸೀಲ್ಸ್ ಮತ್ತು ಜೊತೆಗಾರರು ಕಠಿಣ ಸಾಧನೆ ಮಾಡುವ ಹೆಂಗಸರಲ್ಲಿ ಮುಟ್ಟು ನಿಂತ ಮೇಲೂ ಮಹಾಪಧಮನಿ ಹೆಚ್ಚು ಪೆಡಸಾಗದಿರುವುದನ್ನು ಕಂಡರು.

ಇಂತಹ ಹೋಲಿಕೆಗಳಲ್ಲಿ ಒಂದು ದೋಷ ತಪ್ಪುವುದಿಲ್ಲ. ಹುಟ್ಟಿನಿಂದಲೇ ಒಳ್ಳೆಯ ಅಪಧಮನಿ ಪಡೆದವರೇ ಎಪ್ಪತ್ತರವರೆಗೂ ಓಡುತ್ತಿರಬಹುದು. ಆದ್ದರಿಂದ ವ್ಯಾಯಾಮ ಇಲ್ಲದವರಿಗೆ ವ್ಯಾಯಾಮ ಹಚ್ಚಿ ನೋಡಬೇಕು. ತನಾಕ ತಂಡ 2000ದಲ್ಲಿ ಪ್ರಕಟಿಸಿದ ಕೆಲಸ ಅದನ್ನು ಮಾಡಿತು, ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧಗಳಲ್ಲಿ ಅದೂ ಒಂದಾಯಿತು. ಮೊದಲು 151 ಗಂಡಸರನ್ನು ಹೋಲಿಸಿದಾಗ, ವ್ಯಾಯಾಮ ಮಾಡದವರ ಕೆರಾಟಿಡ್ ಅಪಧಮನಿ ವಯಸ್ಸಿನೊಂದಿಗೆ ತನ್ನ ಹಿಗ್ಗಿನಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳುತ್ತಿತ್ತು. ಅಚ್ಚರಿಯೆಂದರೆ ಮನಸ್ಸಿಗೆ ಬಂದಾಗ ಆಡುವ, ನಡೆಯುವ ಗುಂಪಿನದೂ ಅದೇ ಕಥೆ. ಸತತ ಸಾಧನೆಯವರಲ್ಲಿ ಮಾತ್ರ ಇಳಿಕೆ ಕಡಿಮೆ. ಆಮೇಲೆ ವ್ಯಾಯಾಮವಿಲ್ಲದ ಇಪ್ಪತ್ತು ನಡುವಯಸ್ಕರನ್ನು ವಾರದ ಬಹುತೇಕ ದಿನ ಸುಮಾರು ಮುಕ್ಕಾಲು ಗಂಟೆ ಬಿರುಸಾಗಿ ನಡೆಸಿದರು. ಮೂರು ತಿಂಗಳಲ್ಲಿ ಕೆರಾಟಿಡ್‌ನ ಹಿಗ್ಗು ಕಾಲುಭಾಗದಷ್ಟು ಹೆಚ್ಚಿ ಅದೇ ವಯಸ್ಸಿನ ಓಟಗಾರರ ಹತ್ತಿರಕ್ಕೆ ಬಂತು. ಅವರ ತೂಕವಾಗಲಿ ಬಿಪಿಯಾಗಲಿ ಇಳಿದದ್ದರಿಂದ ಆದ ಲಾಭ ಇದಲ್ಲವೆಂಬುದು ಲೆಕ್ಕದಲ್ಲಿ ತೇಲಿತು. ತೂಕದ ಯಂತ್ರವನ್ನೇ ನೋಡಿ ವ್ಯಾಯಾಮ ಬಿಡುವವರಿಗೆ ಈ ಸಂಗತಿ ಗೊತ್ತಿರಬೇಕು.

ಇದಕ್ಕಿಂತ ಬೇಗನೆ ಫಲ ಕಂಡದ್ದೂ ಇದೆ. ಮೆಲ್ಬರ್ನಿನಲ್ಲಿ 1994ರಲ್ಲಿ ಕ್ಯಾಮರಾನ್ ಮತ್ತು ಡಾರ್ಟ್ ಯುವಕರಿಗೆ ನಾಲ್ಕು ವಾರ ಸೈಕಲ್ ತುಳಿಸಿ ಅಪಧಮನಿಗಳ ಒಟ್ಟು ಹಿಗ್ಗು ಹೆಚ್ಚಿದ್ದನ್ನು ದಾಖಲಿಸಿದರು. ಒಂದೇ ಸಲದ ಅರ್ಧ ಗಂಟೆಯ ಸೈಕಲ್ ಸವಾರಿಯಿಂದಲೂ ಹಿಗ್ಗು ಏರುತ್ತದೆ, ಆದರೆ ಅದು ಗಂಟೆಯೊಳಗೆ ಇಳಿದುಹೋಗುತ್ತದೆ. ಪ್ರಯೋಗದಲ್ಲಿ ಕೊನೆಯ ವ್ಯಾಯಾಮವಾಗಿ ಎಷ್ಟು ಹೊತ್ತಿಗೆ ಅಳೆದರೆಂದು ನೋಡದೆ ಫಲಿತಾಂಶವನ್ನು ನಂಬಬಾರದು.

ಜನರ ಗಮನ ಹೆಚ್ಚು ಸೆಳೆದದ್ದು ಲಂಡನ್ ಮ್ಯಾರಥಾನಿನ ಅಧ್ಯಯನ. 2016 ಮತ್ತು 2017ರ ಓಟಕ್ಕೆ ಮೊದಲ ಸಲ ಸಿದ್ಧತೆ ನಡೆಸಿದ 138 ಮಂದಿಯನ್ನು ಆರು ತಿಂಗಳ ಮುಂಚೆ ಒಮ್ಮೆ, ಓಟ ಮುಗಿದು ಒಂದರಿಂದ ಮೂರು ವಾರಕ್ಕೆ ಇನ್ನೊಮ್ಮೆ ಎಂಆರ್‌ಐಯಲ್ಲಿ ಪರೀಕ್ಷಿಸಿದರು. ಸರಾಸರಿ ವಯಸ್ಸು 37. ಇವರು ವಾರಕ್ಕೆ ಹತ್ತಾರು ಕಿಲೋಮೀಟರಿನ ಸಾಧಾರಣ ತಯಾರಿ ಮಾಡಿದವರು, ಪದಕದ ಆಸೆಯವರಲ್ಲ. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮಹಾಪಧಮನಿಯ ವಯಸ್ಸು ಸುಮಾರು ನಾಲ್ಕು ವರ್ಷ ಹಿಂದಕ್ಕೆ ಸರಿದಿತ್ತು, ಬಿಪಿಯ ಎರಡು ಸಂಖ್ಯೆಗಳು 4 ಮತ್ತು 3 ಮಿಲಿಮೀಟರ್ ಇಳಿದಿದ್ದವು. ಹೆಚ್ಚು ಲಾಭ ಪಡೆದವರು ವಯಸ್ಸಾದವರು, ನಿಧಾನವಾಗಿ ಓಡಿದವರು, ಗಂಡಸರು, ಮೊದಲೇ ಬಿಪಿ ಹೆಚ್ಚಿದ್ದವರು. ಎದುರು ಗುಂಪು ಇಟ್ಟು ಹೋಲಿಸದ ಅಧ್ಯಯನವಾದ್ದರಿಂದ 'ನಾಲ್ಕು ವರ್ಷ' ಎಂಬ ಮಾತನ್ನು ಅಂಗೈ ಗೆರೆಯಂತೆ ಓದಬಾರದು. ಆದರೂ ದಿಕ್ಕು ಸ್ಪಷ್ಟ.

ಎಷ್ಟು ಸಾಕು ಎಂಬುದಕ್ಕೆ ಡಲ್ಲಾಸಿನ ಬೆಂಜಮಿನ್ ಲೆವಿನ್ ತಂಡ 2018ರಲ್ಲಿ ಒಂದು ಉತ್ತರ ಕೊಟ್ಟಿತು. ಅರವತ್ತು ದಾಟಿದ 102 ಮಂದಿಯನ್ನು, ಕಳೆದ ಇಪ್ಪತ್ತೈದು ವರ್ಷ ವಾರಕ್ಕೆ ಎಷ್ಟು ದಿನ ವ್ಯಾಯಾಮ ಮಾಡಿದ್ದರೆಂಬುದರ ಮೇಲೆ ನಾಲ್ಕು ಗುಂಪು ಮಾಡಿದರು. ಎರಡು ಮೂರು ದಿನ ಮಾಡಿದವರಲ್ಲಿ ತಲೆಗೆ ಮತ್ತು ಕತ್ತಿಗೆ ರಕ್ತ ಒಯ್ಯುವ ಮಧ್ಯಮ ಗಾತ್ರದ ಅಪಧಮನಿಗಳು ಮಿದುವಾಗಿದ್ದವು. ಮಹಾಪಧಮನಿಯೂ ಮಿದುವಾಗಿರಬೇಕಾದರೆ ನಾಲ್ಕೈದು ದಿನ ಬೇಕಾಗಿತ್ತು. ಆರೇಳು ದಿನ ಮಾಡಿದವರಿಗೆ ಅದರಾಚೆಗೆ ದೊಡ್ಡ ಲಾಭ ಕಾಣಲಿಲ್ಲ. ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿದ 2014ರ ವಿಶ್ಲೇಷಣೆ ಈ ಬಗೆಯ ಉಸಿರು ಏರಿಸುವ ವ್ಯಾಯಾಮದಿಂದ ನಾಡಿ ಅಲೆ ಸರಾಸರಿ ಸೆಕೆಂಡಿಗೆ 0.6 ಮೀಟರಿನಷ್ಟು ನಿಧಾನವಾಗುತ್ತದೆಂದು ಹೇಳಿತು. ಕೇಳಲು ಚಿಕ್ಕದು. ಮೇಲೆ ಹೇಳಿದ 15% ಲೆಕ್ಕದ ಪಕ್ಕದಲ್ಲಿಟ್ಟರೆ ಅಷ್ಟು ಚಿಕ್ಕದಲ್ಲ.

ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ

ಮೂರು ತಿಂಗಳ ನಡಿಗೆ ಬಿರಿದ ಎಲಾಸ್ಟಿನ್ ಹಾಳೆಯನ್ನು ಹೊಲಿದು ಕೊಡುತ್ತದೆಂದು ನಂಬಲು ಕಾರಣವಿಲ್ಲ. ಬದಲಾವಣೆ ಇಷ್ಟು ಬೇಗ ಬರುವುದೇ ಅದು ಬೇರೆಡೆಯಿಂದ ಬರುತ್ತಿದೆ ಎಂಬುದಕ್ಕೆ ಸಾಕ್ಷಿ. ಆ ಬೇರೆಡೆ ಎಂದರೆ ಮುಖ್ಯವಾಗಿ ನಡುಪದರದ ಸ್ನಾಯುವಿನ ಬಿಗಿ.

ವ್ಯಾಯಾಮದ ವೇಳೆ ರಕ್ತ ರಭಸವಾಗಿ ಹರಿದು ಒಳಪದರವನ್ನು ಉಜ್ಜಿಕೊಂಡು ಹೋಗುತ್ತದೆ. ಆ ಉಜ್ಜುವಿಕೆಗೆ ಎಂಡೋಥೀಲಿಯಂ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುತ್ತದೆ, ಅದು ಸ್ನಾಯುವನ್ನು ಸಡಿಲಿಸುತ್ತದೆ. ಎಂಡೋಥೀಲಿಯಂ ಹೀಗೆ ಸ್ನಾಯುವಿಗೆ ಸಂದೇಶ ಕಳಿಸುತ್ತದೆಂದು ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ತೋರಿಸಿದ. ಆ ಸಂದೇಶದ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅರಿವಿಗಾಗಿ ಆತನೊಂದಿಗೆ ಇಗ್ನಾರೊ, ಮುರಾಡ್ ಅವರಿಗೂ 1998ರ ನೊಬೆಲ್ ಬಂತು. ದಿನವೂ ವ್ಯಾಯಾಮ ಮಾಡುವವರಲ್ಲಿ ಅದನ್ನು ತಯಾರಿಸುವ ಕಿಣ್ವ ಹೆಚ್ಚುತ್ತದೆ. ಸ್ನಾಯುವನ್ನು ಬಿಗಿಯುವ ಎಂಡೋಥೀಲಿನ್-1 ಕಡಿಮೆಯಾಗುತ್ತದೆ. ಅಪಧಮನಿಯನ್ನು ಸದಾ ಬಿಗಿ ಹಿಡಿದಿರುವ ಅನುವೇದನಾ ನರಗಳ ಒತ್ತಾಯವೂ ಸಡಿಲುತ್ತದೆ. ಸ್ನಾಯು ಸಡಿಲಿದರೆ ಅದಕ್ಕೆ ಕಟ್ಟಿಕೊಂಡ ಬಿರುಸು ಕೊಲಾಜನ್ ಎಳೆಗಳ ಮೇಲಿನ ಸೆಳೆತ ತಗ್ಗಿ ಗೋಡೆ ಮತ್ತೆ ಎಲಾಸ್ಟಿನ್ನಿನ ಬಲದಲ್ಲಿ ಹಿಗ್ಗುತ್ತದೆ.

ಇನ್ನೊಂದು ದಾರಿ ಆಕ್ಸಿಜನ್ನಿನ ಉಗ್ರ ಅಣುಗಳದ್ದು. ಇವು ನೈಟ್ರಿಕ್ ಆಕ್ಸೈಡನ್ನು ಹುಟ್ಟುತ್ತಲೇ ನುಂಗುತ್ತವೆ. ಕೊಲರಾಡೊದಲ್ಲಿ ಕೆರ್ರಿ ಮೊರೊ ತಂಡ ಮುಟ್ಟು ನಿಂತ ಹೆಂಗಸರ ರಕ್ತಕ್ಕೆ ವಿಟಮಿನ್ ಸಿ ಅನ್ನು ಹೆಚ್ಚಿನ ಪ್ರಮಾಣದಲ್ಲಿ ಹನಿಸಿ ನೋಡಿತು. ವ್ಯಾಯಾಮವಿಲ್ಲದವರಲ್ಲಿ ಕೆರಾಟಿಡ್ ಕೂಡಲೇ ಹೆಚ್ಚು ಹಿಗ್ಗಿತು; ವ್ಯಾಯಾಮ ರೂಢಿಯವರಲ್ಲಿ ಏನೂ ಆಗಲಿಲ್ಲ. ಎರಡನೆಯವರಲ್ಲಿ ಸರಿಪಡಿಸಬೇಕಾದ ಹಾನಿಯೇ ಇರಲಿಲ್ಲವೆಂದು ಇದರ ಅರ್ಥ. ಇದರಿಂದ ವಿಟಮಿನ್ ಮಾತ್ರೆ ನುಂಗಿದರೆ ಸಾಕೆಂದು ತೀರ್ಮಾನಿಸುವಂತಿಲ್ಲ: ರಕ್ತನಾಳಕ್ಕೆ ನೇರವಾಗಿ ಹನಿಸಿದಾಗ ಮುಟ್ಟುವ ಮಟ್ಟ ಮಾತ್ರೆಯಿಂದ ಬರುವುದಲ್ಲ.

ಗೋಡೆಯ ಕಟ್ಟಡವನ್ನೇ ವ್ಯಾಯಾಮ ತಿದ್ದಬಲ್ಲದೆ? ವರ್ಷಗಟ್ಟಲೆ ಮಾಡಿದರೆ ಸಕ್ಕರೆಯ ಅಡ್ಡಕೊಂಡಿಗಳು ಕಡಿಮೆ ಬೆಳೆಯುತ್ತವೆ, ಹಾನಿ ನಿಧಾನವಾಗಿ ಕೂಡಿಕೊಳ್ಳುತ್ತದೆ ಎಂಬುದು ಪ್ರಾಣಿಗಳ ಮೇಲಿನ ಕೆಲಸದಿಂದ ಮೂಡಿದ ಅಭಿಪ್ರಾಯ. ಜೀವನವಿಡೀ ಓಡಿದವರ ಮಹಾಪಧಮನಿಗೂ ಮೂರು ತಿಂಗಳು ನಡೆದವರ ಕೆರಾಟಿಡ್‌ಗೂ ಇರುವ ವ್ಯತ್ಯಾಸಕ್ಕೆ ಇದು ಒಪ್ಪುವ ವಿವರಣೆ. ಅಡ್ಡಕೊಂಡಿಗಳನ್ನು ಮುರಿಯಬಲ್ಲದೆಂದು ಆಸೆ ಹುಟ್ಟಿಸಿದ ಅಲಜೆಬ್ರಿಯಂ ಎಂಬ ಔಷಧ 2001ರಲ್ಲಿ ವೃದ್ಧರ ಅಪಧಮನಿಗಳನ್ನು ಒಂದಿಷ್ಟು ಮಿದುಗೊಳಿಸಿತ್ತು. ಮುಂದೆ ಮಾರುಕಟ್ಟೆಗೆ ಬರಲೇ ಇಲ್ಲ.

ಭಾರ ಎತ್ತುವವರ ವಿಚಾರ

ಇಲ್ಲಿಯವರೆಗಿನದು ನೇರ ಕಥೆ. ಭಾರ ಎತ್ತುವ ವ್ಯಾಯಾಮಕ್ಕೆ ಬಂದಾಗ ಅದು ತಿರುಗುತ್ತದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮೆಕ್‌ಡೂಗಲ್ ತಂಡ ದೇಹದಾರ್ಢ್ಯಪಟುಗಳ ಅಪಧಮನಿಯೊಳಗೇ ಕೊಳವೆ ಇರಿಸಿ, ಅವರು ಭಾರ ಎತ್ತುತ್ತಿರುವಾಗ ಒತ್ತಡ ಅಳೆದು 1985ರಲ್ಲಿ ಪ್ರಕಟಿಸಿತು. ಎರಡೂ ಕಾಲಿನಿಂದ ಗರಿಷ್ಠ ಭಾರ ತಳ್ಳುವಾಗ ಸರಾಸರಿ 320/250. ಒಬ್ಬನಲ್ಲಿ ಕ್ಷಣಕಾಲ 480/350 ಮುಟ್ಟಿತ್ತು. ಬಿಗಿದ ಸ್ನಾಯುಗಳು ರಕ್ತನಾಳಗಳನ್ನು ಅದುಮುವುದು, ಉಸಿರು ಕಟ್ಟಿ ತಿಣುಕುವುದು ಎರಡೂ ಸೇರಿ ಇಷ್ಟಾಗುತ್ತದೆ. ನಡಿಗೆಯಲ್ಲಿ ಗೋಡೆಗೆ ಬೀಳುವುದು ಹರಿವಿನ ಉಜ್ಜು; ಇಲ್ಲಿ ಬೀಳುವುದು ಒತ್ತಡದ ಪೆಟ್ಟು.

ಜಪಾನಿನ ಮೊಟೊಹಿಕೊ ಮಿಯಾಚಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 28 ಆರೋಗ್ಯವಂತ ಯುವಕರನ್ನು ಎರಡು ಪಾಲು ಮಾಡಿ ಒಂದು ಪಾಲಿಗೆ ನಾಲ್ಕು ತಿಂಗಳು ಭಾರ ಎತ್ತಿಸಿದರು. ಅವರ ಕೆರಾಟಿಡ್‌ನ ಹಿಗ್ಗು 19% ಕುಗ್ಗಿತು. ಈ ವರದಿಯಿಂದ ಸಾಕಷ್ಟು ಗಾಬರಿ ಹುಟ್ಟಿತು. ಆಮೇಲಿನ ಕೆಲಸ ಅದನ್ನು ತಣಿಸಿತು. ಕೆನಡಾದಲ್ಲಿ ಹನ್ನೆರಡು ವಾರ ಭಾರ ಎತ್ತಿಸಿದಾಗ ಬದಲಾವಣೆ ಕಾಣಲಿಲ್ಲ. ಎಲ್ಲ ಪ್ರಯೋಗಗಳನ್ನೂ ಒಟ್ಟು ಹಾಕಿ ಮಿಯಾಚಿಯೇ ಲೆಕ್ಕ ಮಾಡಿದಾಗ ಅಪಧಮನಿ ಪೆಡಸಾಗುವುದು ಯುವಕರು ಅತಿ ಭಾರ ಎತ್ತಿದಾಗ, ಮಧ್ಯಮ ಭಾರದಲ್ಲಲ್ಲ ಎಂದು ಹೊರಬಿತ್ತು. ನಡುವಯಸ್ಸಿನವರಲ್ಲಿ ಅಂತಹ ಹಾನಿ ಕಾಣಲೇ ಇಲ್ಲ. ಪೆಡಸಾಯಿತೆಂದ ಮಾತ್ರಕ್ಕೆ ರೋಗವೆಂದೂ ಅಲ್ಲ, ಪದೇಪದೇ ಬೀಳುವ ಒತ್ತಡಕ್ಕೆ ಗೋಡೆ ಮಾಡಿಕೊಂಡ ಹೊಂದಾಣಿಕೆ ಇರಬಹುದು. ಎಲುಬಿನ ಬಲ, ಸಕ್ಕರೆಯ ಹತೋಟಿ, ವಯಸ್ಸಾದ ಮೇಲೆ ಬೀಳದಿರುವುದು ಇವಕ್ಕೆಲ್ಲ ಭಾರದ ವ್ಯಾಯಾಮ ಬೇಕೇ ಬೇಕು. ಅಪಧಮನಿಯೊಂದರ ನೆಪದಲ್ಲಿ ಅದನ್ನು ಕೈಬಿಡುವುದು ಜಾಣತನವಲ್ಲ.

ಎರಡನ್ನೂ ಬೆರೆಸಿದರೆ? ದೋಣಿ ಹುಟ್ಟುಹಾಕುವ ಕ್ರೀಡಾಪಟುಗಳು ಬಲವನ್ನೂ ದಮ್ಮನ್ನೂ ಒಟ್ಟಿಗೆ ಬಳಸುವವರು. ಅವರ ಕೆರಾಟಿಡ್ ವ್ಯಾಯಾಮವಿಲ್ಲದವರದಕ್ಕಿಂತ ಮಿದುವೆಂದು 2006ರಲ್ಲಿ ಕಂಡುಬಂತು. ಅನುಕ್ರಮವೂ ಮುಖ್ಯವೆಂದು ಜಪಾನಿನ ಒಕಾಮೊಟೊ ತಂಡ 2007ರಲ್ಲಿ ಹೇಳಿತು: ಭಾರ ಎತ್ತಿದ ಮೇಲೆ ಓಡಿದವರ ಅಪಧಮನಿ ಮಿದುವಾಯಿತು, ಓಡಿದ ಮೇಲೆ ಭಾರ ಎತ್ತಿದವರದು ಇದ್ದಂತೆಯೇ ಉಳಿಯಿತು. ನಮ್ಮ ಜಿಮ್‌ಗಳಲ್ಲಿ ಟ್ರೆಡ್‌ಮಿಲ್ಲಿನಿಂದ ಶುರುಮಾಡಿ ಡಂಬೆಲ್ಲಿನಲ್ಲಿ ಮುಗಿಸುವವರೇ ಹೆಚ್ಚು. ಮೈಸೂರು ಕಡೆಯ ಗರಡಿಮನೆಗಳ ಸಾಮಿನಲ್ಲಿ ನೂರಾರು ದಂಡ, ಬಸ್ಕಿಗಳನ್ನು ಸ್ವಂತ ಮೈಭಾರದ ಮೇಲೆಯೇ, ಉಸಿರಿನ ಲಯಕ್ಕೆ ಹೊಂದಿಸಿ ಹೊಡೆಯುತ್ತಾರೆ. ಮಿಯಾಚಿಯ ಯುವಕರು ಮಾಡಿದ್ದಕ್ಕಿಂತ ಅದು ದೋಣಿ ಹುಟ್ಟುಹಾಕುವವರ ಸಾಧನೆಗೆ ಹತ್ತಿರವೆಂದು ಈ ಲೇಖಕನ ಊಹೆ.

ಮೈ ಸೆಳೆಯುವ ವ್ಯಾಯಾಮದ ಪಾತ್ರ ಅನಿರೀಕ್ಷಿತ. ಕುಳಿತು ಕಾಲು ನೀಡಿ ಬೆರಳು ಮುಟ್ಟುವ ಪರೀಕ್ಷೆಯಲ್ಲಿ ಹಿಂದುಳಿದ ನಡುವಯಸ್ಕರ, ವೃದ್ಧರ ಅಪಧಮನಿಗಳು ಹೆಚ್ಚು ಪೆಡಸಾಗಿದ್ದವೆಂದು ಜಪಾನಿನ ಯಮಾಮೊಟೊ ಮತ್ತು ಜೊತೆಗಾರರು 2009ರಲ್ಲಿ ವರದಿ ಮಾಡಿದರು. ಯುವಕರಲ್ಲಿ ಆ ಸಂಬಂಧ ಇರಲಿಲ್ಲ. ಸ್ನಾಯುವಿನ ಪೊರೆಯಲ್ಲೂ ಅಪಧಮನಿಯ ಗೋಡೆಯಲ್ಲೂ ಇರುವುದು ಅದೇ ಕೊಲಾಜನ್, ಅದೇ ಎಲಾಸ್ಟಿನ್. ಬಿಸಿ ಕೋಣೆಯಲ್ಲಿ ಮಾಡಿಸುವ ಬಿಕ್ರಂ ಯೋಗದ ಎಂಟು ವಾರ ಎಳೆಯರ ಕೆರಾಟಿಡನ್ನು ಮಿದುಗೊಳಿಸಿ ಹಿರಿಯರದನ್ನು ಹಾಗೆಯೇ ಬಿಟ್ಟಿತು. ಯೋಗದ ಪರವಾದ ದೊಡ್ಡ ಮಾತುಗಳಿಗೆ ಹೋಲಿಸಿದರೆ ಈ ಸಾಕ್ಷ್ಯ ಇನ್ನೂ ದುರ್ಬಲವೇ.

ಮಿತಿಗಳು

ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ದಕ್ಕುವುದು ಈ ವಿಷಯದ ಅಹಿತಕರ ಸತ್ಯ. ಮೇಲಿನ ಬಿಪಿ ಮಾತ್ರ ಏರಿರುವ ವೃದ್ಧರ ಮಹಾಪಧಮನಿ ಆಗಲೇ ಬಹಳ ಪೆಡಸಾಗಿರುತ್ತದೆ. ಅಂತಹವರಿಗೆ ಮೆಲ್ಬರ್ನಿನಲ್ಲಿ ಎಂಟು ವಾರ ಸೈಕಲ್ ತುಳಿಸಿದ 2001ರ ಪ್ರಯೋಗದಲ್ಲಿ ದಮ್ಮು ಹೆಚ್ಚಿತು, ಅಪಧಮನಿ ಬದಲಾಗಲಿಲ್ಲ. ಬಿಪಿ ಏರಿದ್ದ, ಮುಟ್ಟು ನಿಂತ ಹೆಂಗಸರನ್ನು ನಡೆಸಿದ ಕೊಲರಾಡೊದ ಪ್ರಯೋಗದಲ್ಲೂ ಬಿಪಿ ಇಳಿಯಿತು, ಪೆಡಸು ಉಳಿಯಿತು. ಸಡಿಲಿಸಬಹುದಾದ ಸ್ನಾಯುವಿಗಿಂತ ಕೊಲಾಜನ್, ಸುಣ್ಣಗಳ ಪಾಲೇ ಹೆಚ್ಚಾದಲ್ಲಿ ವ್ಯಾಯಾಮಕ್ಕೆ ಹಿಡಿ ಸಿಗುವುದಿಲ್ಲವೆಂದು ಕಾಣುತ್ತದೆ. ಅದೇ ಬಗೆಯ ಹಿರಿಯರಲ್ಲಿ ನಾಲ್ಕು ವಾರ ಉಪ್ಪು ಕಡಿಮೆ ಮಾಡಿದಾಗ ಕೆರಾಟಿಡ್ ಮಿದುವಾದದ್ದು 2004ರಲ್ಲಿ ದಾಖಲಾಯಿತು. ಉಪ್ಪಿನ ಪಾತ್ರಕ್ಕೆ ಹಳೆಯ ಆಧಾರವೂ ಇದೆ: 1980ರ ದಶಕದಲ್ಲಿ ಚೀನಾದ ಉಪ್ಪು ಹೆಚ್ಚು ತಿನ್ನುವ ಬೀಜಿಂಗ್ ನಗರವನ್ನೂ ಕಡಿಮೆ ತಿನ್ನುವ ಗುವಾಂಗ್‌ಝೌ ಕಡೆಯ ಹಳ್ಳಿಗಳನ್ನೂ ಹೋಲಿಸಿದಾಗ ನಗರದವರ ನಾಡಿ ಅಲೆ ವೇಗವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಿಲ್ಲದೆ ಎಲೆ ತುಂಬಿತೆನ್ನದ ನಾವು ಆ ಗೆರೆಯನ್ನು ಬಹಳ ಹಿಂದೆಯೇ ದಾಟಿದ್ದೇವೆ.

ಅತಿಯಾದರೆ ಹೇಗೆಂಬ ಪ್ರಶ್ನೆ ತೀರ್ಮಾನವಾಗಿಲ್ಲ. ವರ್ಷಗಟ್ಟಲೆ ಮ್ಯಾರಥಾನ್ ಓಡಿದ ಗ್ರೀಸಿನ ಓಟಗಾರರ ಮಹಾಪಧಮನಿ ಸಾಮಾನ್ಯರದಕ್ಕಿಂತ ತುಸು ಪೆಡಸಾಗಿತ್ತೆಂದು 2010ರ ಒಂದು ವರದಿ ಹೇಳುತ್ತದೆ. ಬಾಲ್ಟಿಮೋರ್, ಡಲ್ಲಾಸಿನ ಹಿರಿಯ ಕ್ರೀಡಾಪಟುಗಳಲ್ಲಿ ಹಾಗೇನೂ ಕಾಣಲಿಲ್ಲ.

ಬಿಟ್ಟರೆ ಏನಾಗುತ್ತದೆ ಎಂಬುದು ಹೆಚ್ಚು ಸ್ಪಷ್ಟ. ಮಿಯಾಚಿಯ ಯುವಕರು ಭಾರ ಎತ್ತುವುದನ್ನು ನಿಲ್ಲಿಸಿದ ಮೇಲೆ ಅವರ ಕೆರಾಟಿಡ್ ಹಳೆಯ ಹಿಗ್ಗಿಗೆ ಮರಳಿತು. ಒಳ್ಳೆಯದೂ ಹಾಗೆಯೇ ಮರಳಿ ಹೋಗುತ್ತದೆ. ತ್ಸುಕುಬಾ ವಿಶ್ವವಿದ್ಯಾಲಯದ ಮಾಯೆದಾ ತಂಡ ಯುವಕರಿಗೆ ಎಂಟು ವಾರ ಸೈಕಲ್ ತುಳಿಸಿದಾಗ ರಕ್ತದಲ್ಲಿ ನೈಟ್ರಿಕ್ ಆಕ್ಸೈಡಿನ ಗುರುತು ಏರಿತು, ಎಂಡೋಥೀಲಿನ್-1 ಇಳಿಯಿತು. ಸೈಕಲ್ ನಿಲ್ಲಿಸಿದ ಮೇಲೂ ನಾಲ್ಕನೆಯ ವಾರದಲ್ಲಿ ಅಳೆದಾಗ ಈ ಬದಲಾವಣೆ ಉಳಿದಿತ್ತು. ಎಂಟನೆಯ ವಾರದ ಹೊತ್ತಿಗೆ ಎರಡೂ ಶುರುವಿನ ಮಟ್ಟಕ್ಕೆ ಬಂದಿದ್ದವು.